ಸಕ್ಕರೆ ಸುತ್ತಿಗೆಯ ನಿವೃತ್ತಿ

ಸೆಫ್ರು, ೧೪ ಮಾರ್ಚ್ ೧೯೯೬

ಮಗಳು ಶಾಮಾಳಿಗೆ,

ಮೂವತ್ತು ವರ್ಷ ಸರಕಾರಿ ಶಾಲೆಯಲ್ಲಿ ಇತಿಹಾಸ ಪಾಠ ಹೇಳಿ, ಕದ್ದವರಿಗೆಲ್ಲ ಕಾಲವೇ ಶಿಕ್ಷೆ ಕೊಡುತ್ತದೆಂದು ಮಕ್ಕಳನ್ನು ನಂಬಿಸಿದ ನಿನ್ನ ತಂದೆ ಬೂಶ್ತಾ ಎಂಬ ನಾನು, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ಮೊನ್ನೆ ಮಂಗಳವಾರ ಹಾಡಹಗಲಲ್ಲಿ ನಮ್ಮ ಬೀದಿಯ ಆರೋಗ್ಯ ಕೇಂದ್ರದ ಗೋಡೆಯಿಂದ ಒಂದು ಸರಕಾರಿ ಸ್ವತ್ತನ್ನು ಅಪಹರಿಸಿದ್ದೇನೆ. ಪಿನ್ನುಗಳ ಸಮೇತ.

ಆ ಸ್ವತ್ತು ನೀವೆಲ್ಲ ರಬಾತಿನ ಆರೋಗ್ಯ ಇಲಾಖೆಯಲ್ಲಿ ಕೂತು ಹೊರಡಿಸಿದ ಹೊಸ ಆಹಾರ ಮಾರ್ಗಸೂಚಿ. ಕದಿಯದೆ ವಿಧಿಯಿರಲಿಲ್ಲ. ಚಿತ್ರದಲ್ಲಿ ನಗುತ್ತಿರುವ ಹೆಂಗಸಿಗೆ ಆಗಲೇ ಯಾರೋ ಮೀಸೆ ಬರೆದಿದ್ದರು. ಆಲಿವ್ ಮಾರುವವನು ಪೊಟ್ಟಣ ಕಟ್ಟಲು ಕಾಗದ ಗಟ್ಟಿಯಿದೆಯೇ ಎಂದು ಮುಟ್ಟಿ ನೋಡುತ್ತಿದ್ದ. ಕೆಳಗಡೆ ಇರುವೆ ಗಾತ್ರದ ಅಕ್ಷರದಲ್ಲಿ ನಿನ್ನ ಹೆಸರಿತ್ತು. ಸಕ್ಕರೆ ಬೇಡವೆನ್ನುವ ಕಾಗದದಲ್ಲಿ ಇರುವೆಗಳಿಗೇನು ಕೆಲಸವೋ! ಅಂತೂ ಅದೀಗ ನಮ್ಮ ಅಡುಗೆಮನೆಯಲ್ಲಿ, ಟೀ ತಟ್ಟೆಯ ನೇರಕ್ಕೆ, ಮೀಸೆ ಅಳಿಸಿಕೊಂಡು ನಗುತ್ತಿದೆ.

ಊರು ಏನನ್ನುತ್ತಿದೆ ಎಂದು ಕೇಳಿದ್ದೀಯ. ಊರು ಕುದಿಯುತ್ತಿದೆ, ಅದೂ ಸಕ್ಕರೆ ಹಾಕಿಕೊಂಡು. ಕಾಫಿಖಾನೆಯ ಹಮ್ಮಾದಿ ನನ್ನನ್ನು ಕಂಡ ಕೂಡಲೇ ಮರ್ಯಾದೆಯ 'ಸಿ' ಹಚ್ಚಿಯೇ ಶುರು ಮಾಡುತ್ತಾನೆ: "ಏನ್ ಸಿ ಬೂಶ್ತಾ, ನಿಮ್ ಮಗಳು ನಮ್ ಟೀ ಲೋಟಕ್ಕೇ ಕೈ ಹಾಕಿದ್ಲಲ್ರೀ! ಹೋದ ಸಲ ಬೆಣ್ಣೆ ವಿಷ ಅಂದ್ರಿ, ಬಿಟ್ವಿ. ಮೊಟ್ಟೆ ವಿಷ ಅಂದ್ರಿ, ಕೋಳಿ ಮುಖ ನೋಡೋದೇ ಬಿಟ್ವಿ. ಈಗ ಮೊಟ್ಟೆಗೆ ಕ್ಷಮಾದಾನ ಆಗಿದ್ಯಂತೆ, ಸಕ್ಕರೆಗೆ ಗಲ್ಲಂತೆ. ನಾಳೆ ಯಾರ ಸರದಿ? ನೀರಿಂದಾ?" ಜನಾಭಿಪ್ರಾಯವನ್ನು ನಿನಗೆ ವರದಿ ಮಾಡಬೇಕಲ್ಲ, ಅದಕ್ಕೆಂದೇ ನಾನು ದಿನಾ ಮಧ್ಯಾಹ್ನ ಅಲ್ಲಿ ಹೋಗಿ ಕೂರುತ್ತೇನೆ. ಸಂಬಳವಿಲ್ಲದ ಗೂಢಚಾರ.

ಇನ್ನು ಅಮ್ಮನ ವಿಷಯ. ಬಲಗಾಲ ಹೆಬ್ಬೆರಳಿನ ಹುಣ್ಣು ಹಾಗೇ ಇದೆ. ಫೆಸ್ ನಗರದ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ರಕ್ತದ ಸಕ್ಕರೆ ಇಳಿದರೆ ಹುಣ್ಣು ಆರುತ್ತದೆ, ಇಳಿಯದಿದ್ದರೆ ಬೆರಳು ತೆಗೆಯಬೇಕು, ಈ ಕಾಯಿಲೆ ಬೆರಳಿಗೇ ನಿಲ್ಲುವಂಥದ್ದಲ್ಲ. ನೀನೇನೂ ಹೆದರಬೇಡ. ನಿನ್ನ ಮಾರ್ಗಸೂಚಿ ಮೊರಾಕ್ಕೊ ದೇಶದಲ್ಲಿ ಎಲ್ಲಾದರೂ ಅಕ್ಷರಶಃ ಜಾರಿಯಲ್ಲಿದ್ದರೆ ಅದು ಈ ಮನೆಯಲ್ಲಿ. ಟೀ ಮಾಡುವವನು ನಾನು. ದಿನಕ್ಕೊಂದು ತುಂಡು ಕಡಿಮೆ ಮಾಡುತ್ತ ಬಂದು, ಈಗ ಕೆಟಲಿಗೆ ಬರೀ ಪುದೀನ, ಬರೀ ನೀರು. ಅವಳಿಗೆ ಗೊತ್ತೇ ಆಗಲಿಲ್ಲ, ನೋಡು ನನ್ನ ಕೈಚಳಕ! ಕಲ್ಲಿನಂತೆ ಗಟ್ಟಿಯಾದ ಸಕ್ಕರೆ ಗೋಪುರವನ್ನು ಒಡೆದು ತುಂಡು ಮಾಡುವ ಹಿತ್ತಾಳೆ ಸುತ್ತಿಗೆಗೆ ನಿವೃತ್ತಿ ಕೊಟ್ಟು ಪೆಟ್ಟಿಗೆಯಲ್ಲಿ ಮಲಗಿಸಿದ್ದೇನೆ. ಪಿಂಚಣಿ ಕೇಳಿಲ್ಲ, ಪುಣ್ಯ.

ಸಿಹಿ ಇಲ್ಲದ ಸಹಿಯೊಂದಿಗೆ,
ನಿನ್ನಪ್ಪ ಬೂಶ್ತಾ


ರಬಾತ್, ೨ ಏಪ್ರಿಲ್ ೧೯೯೬

ಪ್ರೀತಿಯ ಅಪ್ಪನಿಗೆ,

ಕಳ್ಳತನ ಮನ್ನಿಸಿದೆ. ಬೇರೆ ಪ್ರತಿ ಕಳಿಸುತ್ತಿದ್ದೇನೆ, ದಯವಿಟ್ಟು ಅದನ್ನು ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಿ ಬನ್ನಿ.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಓದಿಕೊಂಡು ಒಬ್ಬಳೇ ನಕ್ಕೆ. ಇಲ್ಲಿ ನಗುವುದಕ್ಕೆ ಬೇರೆ ಏನೂ ಇಲ್ಲ. ನಿನ್ನೆ ಸಭೆಯಲ್ಲಿ ನಮ್ಮ ಮುಖ್ಯಸ್ಥರು, "ಈ ಕಾಗದನ ಪಾಲಿಸ್ತಿರೋ ಒಂದೇ ಒಂದು ಮನೆ ತೋರ್ಸಮ್ಮ, ನೋಡೋಣ" ಅಂದರು. ಎಲ್ಲರೂ ತಲೆ ತಗ್ಗಿಸಿದ್ದರು. ನಾನು ತೋರಿಸುತ್ತೇನೆ ಅಂದೆ. ಮುಂದಿನ ತಿಂಗಳು ರೇಡಿಯೋದಲ್ಲಿ ನನ್ನ ಮಾತಿದೆ. ಅಮ್ಮನ ಹೆಸರು ಹೇಳುವುದಿಲ್ಲ, ಆದರೆ ಅಮ್ಮನ ಕಥೆ ಹೇಳುತ್ತೇನೆ. ಅವಳ ಅಭ್ಯಂತರವಿಲ್ಲ ತಾನೇ?

ಹುಣ್ಣಿನ ಬಣ್ಣ ಹೇಗಿದೆ ಎಂದು ಬರೆಯಿರಿ. ಹಾಸ್ಯ ಬೇಡ, ಬಣ್ಣ ಬರೆಯಿರಿ.

ನಿಮ್ಮ
ಶಾಮಾ


ಸೆಫ್ರು, ೧೯ ಮೇ ೧೯೯೬

ಮಗಳೇ,

ಆಕಾಶವಾಣಿಯಾಯಿತು! ನಿನ್ನ ಮಾತು ಬರುವ ಹೊತ್ತಿಗೆ ಹಮ್ಮಾದಿಯ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ಸೆಫ್ರುವಿನ ಒಬ್ಬ ಗೃಹಿಣಿ, ಕಾಲಿನಲ್ಲಿ ಹುಣ್ಣಿದ್ದವರು, ಸಕ್ಕರೆಯನ್ನು ಪೂರ್ತಿ ತ್ಯಜಿಸಿ..." ಎಂದು ನೀನು ಹೇಳಿದ್ದೇ ತಡ, ಕ್ಷೌರದ ಮಿಮೂನ್ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓಡಿಬಂದವನು ಕೂಗಿದ: "ಸಕ್ಕರೆ ಬಿಟ್ಟಿರೋ ಹೆಂಗಸಾ? ನಮ್ಮೂರಲ್ಲಾ? ಹೆಸರು ಹೇಳ್ಬಿಡು ತಾಯಿ, ಈಗ್ಲೇ ಲಗ್ನ ಆಗ್ತೀನಿ, ಖರ್ಚು ಅರ್ಧ ಕಮ್ಮಿ!"

"ಅವಳಿಗೆ ಲಗ್ನ ಆಗಿದೆ ಕಣೋ, ನನ್ನ ಜೊತೆ," ಅಂದೆ.

ಮಿಮೂನ್ ಕತ್ತರಿಯನ್ನು ಎದೆಗೆ ಒತ್ತಿಕೊಂಡು ಕ್ಷಮೆ ಕೇಳಿದ. ಆ ಗಳಿಗೆಯಿಂದ ನಾನು ಊರಿನಲ್ಲಿ ಸಣ್ಣ ಪ್ರದರ್ಶನ ವಸ್ತು. ದಾರಿಯಲ್ಲಿ ತಡೆದು ಕೇಳುತ್ತಾರೆ: "ಸಿ ಬೂಶ್ತಾ, ನಿಜ್ವಾಗ್ಲೂ ಒಂದು ಚೂರೂ ಇಲ್ವಾ? ಅಳು ಬರಲ್ವಾ?" ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ. ಅಂಗಳದಲ್ಲಿ ಕೂತು ನಿನ್ನ ಮಾತು ಕೇಳಿದ ಅಮ್ಮ, ನಾನು ಮನೆಗೆ ಬಂದ ಮೇಲೆಯೇ ರೇಡಿಯೋ ಆರಿಸಿದಳು. ಆಮೇಲೆ, "ಇಡೀ ದೇಶ ಕೇಳ್ತೇನ್ರೀ ಇದನ್ನ?" ಅಂದಳು. ಹೌದೆಂದೆ. ಎದ್ದು ಪಾತ್ರೆ ತೊಳೆಯಲು ಹೋದಳು.

ಹುಣ್ಣಿನ ಬಣ್ಣ ಕೇಳಿದ್ದೀಯ. ಮೊದಲು ಕೆಂಪಿತ್ತು. ಈಗ ಅಂಚಿನಲ್ಲಿ ಬದನೆಕಾಯಿ ಬಣ್ಣ.

ಡಾಕ್ಟರಿಗೆ ಅರ್ಥವಾಗುತ್ತಿಲ್ಲ. "ಮನೇಲಿ ಸಕ್ಕರೆ ಇಲ್ಲ ಅಂತೀರಿ, ರಕ್ತದಲ್ಲಿ ತುಂಬಿ ತುಳುಕ್ತಿದೆ. ಎಲ್ಲಿಂದ ಬರತ್ತೆ, ಮಳೇಲಿ ಸುರಿಯುತ್ತಾ?" ಎಂದು ನನ್ನನ್ನೇ ಕೇಳಿದರು. ಈಗ ಸೂಜಿ ಶುರುಮಾಡಿದ್ದಾರೆ. ನಿನ್ನ ಮಾರ್ಗಸೂಚಿಗೆ ಈಗ ಮಾರ್ಗಸೂಜಿಯ ಜೊತೆ. ಸಂಶಯ ರೊಟ್ಟಿಯ ಮೇಲೆ ಬಿದ್ದು ರೊಟ್ಟಿ ಅರ್ಧವಾಯಿತು, ಖರ್ಜೂರ ಗಡೀಪಾರಾಯಿತು. ಅವಳು ಚಕಾರವೆತ್ತದೆ ಎಲ್ಲಕ್ಕೂ ಹೂಂ ಅನ್ನುತ್ತಾಳೆ. ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಇಷ್ಟು ಹೂಂ ಕೇಳಿದ್ದಿಲ್ಲ.

ನಿನ್ನಪ್ಪ


ಸೆಫ್ರು, ೨೩ ಜೂನ್ ೧೯೯೬

ಶಾಮಾ,

ಇದು ನಿನ್ನಮ್ಮ ಯಾಮ್ನಳ ಪತ್ರ. ಬಾಯಿ ಅವಳದು, ಕೈ ನನ್ನದು. ಅಕ್ಷರ ಕಲಿಸುತ್ತೇನೆಂದು ಮದುವೆಯ ಮೊದಲ ವಾರ ಮಾತು ಕೊಟ್ಟಿದ್ದೆ. ಕಂಸದೊಳಗಿನದು ಲಿಪಿಕಾರನ ಸ್ವಂತ ಮಾತು.

ನನ್ ಕಣ್ಮಣಿ, ಹೇಗಿದ್ದೀಯೇ? ಊಟ ಸರಿಯಾಗಿ ಮಾಡ್ತೀಯಾ, ಇಲ್ಲಾ ಊರೋರಿಗೆಲ್ಲ ಊಟ ಹೇಳ್ಕೊಟ್ಟು ನೀನು ಉಪವಾಸಾನಾ? ಬರ್ಕೊಳ್ರೀ, ನಾನು ಹೇಳಿದ್ ಹಾಗೇ ಬರ್ಕೊಳ್ಳಿ, ಅಲಂಕಾರ ಮಾಡ್ಬೇಡಿ. (ಮಾಡಿಲ್ಲ.)

ಚೆರಿ ಹಣ್ಣಿನ ಕಾಲ. ಊರೆಲ್ಲ ಕೆಂಪು ಬಾಯಿ. ನಾನು ತಿಂದಿಲ್ಲ. (ನಾನು ಸಾಕ್ಷಿ.) ನಿಮ್ಮಪ್ಪ ಟೀ ಚೆನ್ನಾಗೇ ಮಾಡ್ತಾರೆ. (ಅವಳೇ ಹೇಳಿದ್ದು, ಲಿಪಿಕಾರ ಸೇರಿಸಿದ್ದಲ್ಲ.) ಲೋಟ ನನ್ ಕೈಗೆ ಕೊಟ್ಟು, ತಮ್ದು ಒಂದು ಗುಟುಕು ಕುಡಿದು, ಟೊಪ್ಪಿಗೆ ಇಟ್ಕೊಂಡು ಹೊರಟ್ಬಿಡ್ತಾರೆ. ನಿನಗೋಸ್ಕರ ಜನಗಳ ಮಾತು ಕೇಳ್ಬೇಕಂತೆ. ಆಮೇಲೆ ನಾನೂ ತಾಮೊ ಮನೆಗೆ ಹೋಗ್ತೀನಿ. ಪಕ್ಕದ ಬಾಗಿಲು ಅಷ್ಟೇ. ನಡೆದ್ರೆ ಕಾಲಿಗೆ ಒಳ್ಳೇದು. (ಹುಣ್ಣಿನ ಕಾಲಲ್ಲಿ ನಡೆಯಬೇಡವೆಂದು ಡಾಕ್ಟರು ಹೇಳಿದ್ದಾರೆ. ಕೇಳುವುದಿಲ್ಲ. ಆ ಒಂದು ಭೇಟಿ ಬಿಟ್ಟರೆ ಅವಳಿಗೆ ಬೇರೇನಿದೆ ಎಂದು ನಾನೂ ಸುಮ್ಮನಿದ್ದೇನೆ.)

ಅಂಗಳದ ಕಾಮಕಸ್ತೂರಿ ಗಿಡ ಒಣಗೋಯ್ತು ಕಣೇ. ನಿಮ್ಮಜ್ಜಿ ಇಟ್ಟ ಕುಂಡ. (ಬಿಸಿಲು ಜಾಸ್ತಿ.) ಬಿಸಿಲಲ್ಲ ಬಿಡಿ. ಅದನ್ನ ಬರೀಬೇಡಿ. (ಬರೆದಾಯಿತು.)

ರೇಡಿಯೋದಲ್ಲಿ ಎಲ್ರೆದುರಿಗೂ ನನ್ ವಿಷಯ ಹೇಳಿದ್ಯಲ್ಲ. ನಿನ್ನ ಕಾಗದ ಸುಳ್ಳಾಗ್ಬಾರ್ದು ಮಗ. ಅದು ಸುಳ್ಳು ಅನ್ನೋ ಮಾತು ಈ ಮನೆಯಿಂದ ಹೊರಗೆ ಬರಲ್ಲ. ಸಾಕು, ಮಡಚಿ.

(ಇಲ್ಲಿ ಹೆಬ್ಬೆಟ್ಟು ಒತ್ತಿದ್ದಾಳೆ. ಕೈಯದು.)


ರಬಾತ್, ೧೧ ಆಗಸ್ಟ್ ೧೯೯೬

ಅಪ್ಪಾ,

ಎರಡು ಪತ್ರ ಬರೆದೆ, ಉತ್ತರ ಬಂದಿಲ್ಲ. ಇದು ಮೂರನೆಯದು.

ಇಲ್ಲಿ ಗಾಳಿ ತಿರುಗಿದೆ. ಗೋಣಿಗಟ್ಟಲೆ ಪತ್ರಗಳು ಬರುತ್ತಿವೆ. ಸಕ್ಕರೆ ಗಿರಣಿಯ ಕೆಲಸಗಾರನೊಬ್ಬ, ನನ್ನ ಮಕ್ಕಳಿಗೆ ನಿಮ್ಮ ಕಾಗದವನ್ನೇ ಬೇಯಿಸಿ ಹಾಕಲೇ ಎಂದು ಕೇಳಿದ್ದಾನೆ. ಒಬ್ಬ ಅಜ್ಜಿ ಯಾರಿಂದಲೋ ಬರೆಸಿದ್ದಾಳೆ: "ಬಂದೋರಿಗೆ ಕಹಿ ಟೀ ಕೊಡು ಅಂತೀಯಲ್ಲ, ನಿನ್ನ ಹೆತ್ತೋರು ನಿನಗೆ ಮಾನ ಮರ್ಯಾದೆ ಕಲಿಸ್ಲಿಲ್ವಾ?" ಒಬ್ಬರು ಇಷ್ಟೇ ಬರೆದಿದ್ದಾರೆ: "ಹೋದ ಸಲ ನೀವು ಹೇಳಿದ್ದನ್ನು ನಂಬಿ ಬೆಣ್ಣೆ ಬಿಟ್ಟೆ. ನನ್ನ ಗಂಡ ಬೆಣ್ಣೆ ಬೆಣ್ಣೆ ಅನ್ನುತ್ತಲೇ ತೀರಿಕೊಂಡ. ಈಗ ಬೆಣ್ಣೆ ಪರವಾಗಿಲ್ಲ ಅನ್ನುತ್ತೀರಿ." ಇದಕ್ಕೆ ಏನು ಉತ್ತರ ಬರೆಯಲಿ? ಹೊಸದಾಗಿ ತಿಳಿದದ್ದನ್ನು ಹೇಳದಿರುವುದೂ ತಪ್ಪಲ್ಲವೇ? ಆದರೆ ಆ ಹೆಂಗಸಿಗೆ ಅದನ್ನು ಹೇಳುವ ಧೈರ್ಯ ನನಗಿಲ್ಲ.

ಮಾರ್ಗಸೂಚಿಯನ್ನು ತಿದ್ದಲು ಸಮಿತಿಯಾಗಿದೆ. ಮುಖ್ಯಸ್ಥರು, "ನಿನ್ನ ಸೆಫ್ರು ಹೆಂಗಸು ಒಬ್ಬಳೇ ನಮಗಿರೋ ಸಾಕ್ಷಿ. ಅವಳ ರಕ್ತಪರೀಕ್ಷೆ ವರದಿ ತರಿಸು" ಅಂದರು. ಕಳಿಸಿ ಅಪ್ಪಾ. ಕಳಿಸಲು ಆಗದಿದ್ದರೆ ಯಾಕೆಂದು ಬರೆಯಿರಿ.

ಶಾಮಾ


ಸೆಫ್ರು, ೯ ಸೆಪ್ಟೆಂಬರ್ ೧೯೯೬

ಶಾಮಾ,

ಬೆರಳಲ್ಲ, ಮೊಣಕಾಲ ಕೆಳಗಿಂದ. ಬರುವ ಸೋಮವಾರ, ಫೆಸ್‌ನಲ್ಲಿ. ಬಾ.

ಅಪ್ಪ


ರಬಾತ್, ೬ ಅಕ್ಟೋಬರ್ ೧೯೯೬

ಅಪ್ಪಾ,

ಬಸ್ಸಿನಲ್ಲಿ ಬರೆಯಲು ಶುರುಮಾಡಿದ ಪತ್ರ ಇದು. ಅಕ್ಷರ ಅಲುಗಾಡಿದ್ದರೆ ರಸ್ತೆಯ ತಪ್ಪು ಅಂದುಕೊಳ್ಳಿ.

ನೀವು ಆ ದಿನ ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು. ಆಸ್ಪತ್ರೆಯಿಂದ ಅಮ್ಮನನ್ನು ಮನೆಗೆ ಕರೆತಂದ ಮೇಲೆ ನಾನು ಬಂದೆನಲ್ಲ. ಸೆಫ್ರುವಿನಲ್ಲಿ ಬಸ್ಸಿಳಿದೆ. ನಿಲ್ದಾಣದ ಅಂಗಡಿಯವನು, "ಯಾರ ಮನೆಗಮ್ಮಾ?" ಅಂದ. ಕಾಯಿಲೆಯವರ ಮನೆಗೆ ಅಂದೆ. ಅವನು ಕೊಟ್ಟ, ನಾನು ತೆಗೆದುಕೊಂಡೆ, ದುಡ್ಡು ಕೊಟ್ಟೆ, ಕಂಕುಳಲ್ಲಿಟ್ಟುಕೊಂಡು ನಡೆದೆ. ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗುತ್ತಾರೆಯೇ? ಅಜ್ಜಿ ಹೋಗಲಿಲ್ಲ, ಅಮ್ಮ ಹೋಗಲಿಲ್ಲ. ದಾರಿಯುದ್ದಕ್ಕೂ ಅಮ್ಮನ ಕಾಲಿನ ಬಗ್ಗೆ ಯೋಚಿಸುತ್ತಿದ್ದೆ, ಕಂಕುಳಲ್ಲಿ ಏನಿದೆ ಎಂದು ಒಮ್ಮೆಯೂ ಯೋಚಿಸಲಿಲ್ಲ. ಅಮ್ಮನ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಇಟ್ಟಾಗಲೇ ಕಂಡಿದ್ದು. ನೀಲಿ ಕಾಗದ ಸುತ್ತಿದ ಸಕ್ಕರೆ ಗೋಪುರಗಳು, ಸಾಲಾಗಿ, ಗೋಡೆಯುದ್ದಕ್ಕೂ. ಮಿಮೂನ್ ತಂದದ್ದು, ಹಮ್ಮಾದಿ ತಂದದ್ದು, ನನ್ನ ಭಿತ್ತಿಪತ್ರವನ್ನು ಅಂಟಿಸಿದ್ದ ಆರೋಗ್ಯ ಕೇಂದ್ರದ ನರ್ಸಮ್ಮ ತಂದದ್ದು. ಆ ಸಾಲಿನ ತುದಿಗೆ ನನ್ನದು.

ಅಮ್ಮ ಮಾತ್ರ, "ಯಾಕೆ ಮಗಾ ಖರ್ಚು ಮಾಡಕ್ಕೆ ಹೋದೆ" ಅಂದಳು. ಖುಷಿಯಿಂದ ಅಂದಳು ಅಪ್ಪಾ. ಮಗಳಿಗೆ ರೀತಿ ರಿವಾಜು ಗೊತ್ತಿದೆ ಅನ್ನುವ ಖುಷಿ.

ತಿದ್ದಿದ ಮಾರ್ಗಸೂಚಿ ನಿನ್ನೆ ಹೊರಟಿತು. "ಸಕ್ಕರೆಯನ್ನು ನಮ್ಮ ಸಂಪ್ರದಾಯಕ್ಕೆ ಅನುಗುಣವಾಗಿ, ಹಿತಮಿತವಾಗಿ ಬಳಸಿ." ನನ್ನ ಹೆಸರಿಲ್ಲ. ನನ್ನನ್ನು ಅಂಕಿಅಂಶ ವಿಭಾಗಕ್ಕೆ ಹಾಕಿದ್ದಾರೆ. ಪರವಾಗಿಲ್ಲ. ಕಂಕುಳಲ್ಲಿ ಸಕ್ಕರೆ ಇಟ್ಟುಕೊಂಡು ಕಾಲು ಕಳೆದುಕೊಂಡ ತಾಯಿಯನ್ನು ನೋಡಲು ಹೋದವಳು ಯಾರಿಗೆ ಏನು ಹೇಳಬಲ್ಲಳು?

ಒಂದು ಮಾತ್ರ ಅರ್ಥವಾಗುತ್ತಿಲ್ಲ. ಮನೆಯಲ್ಲಿ ಸಕ್ಕರೆ ಇರಲಿಲ್ಲ. ನೀವು ಅಷ್ಟು ಕಟ್ಟುನಿಟ್ಟು. ಮತ್ತೆ ಹೇಗಾಯಿತು?

ಶಾಮಾ


ಸೆಫ್ರು, ೧೭ ನವೆಂಬರ್ ೧೯೯೬

ಮಗಳೇ,

ಹೇಗಾಯಿತು ಎಂದು ಕೇಳಿದ್ದೀಯ. ಗೊತ್ತಾಗಿದೆ, ಬರೆಯುತ್ತೇನೆ. ನೀನು ಆ ಗೋಪುರ ಇಟ್ಟ ದಿನ ನನಗೆ ಒಂದು ಹಾಸ್ಯವೂ ಹೊಳೆಯಲಿಲ್ಲ. ಅವತ್ತಿನಿಂದ ಸರಿಯಾಗಿ ಹೊಳೆಯುತ್ತಿಲ್ಲ, ಹಾಗಾಗಿ ಇದು ಸಪ್ಪೆ ಪತ್ರ.

ಮೊನ್ನೆ ಮಧ್ಯಾಹ್ನ ಅಮ್ಮನ ಕೈಗೆ ಲೋಟ ಕೊಟ್ಟು ಎಂದಿನಂತೆ ಹೊರಟೆ. ಬೀದಿಯ ತಿರುವಿಗೆ ಹೋದಾಗ ಕನ್ನಡಕ ಮರೆತದ್ದು ನೆನಪಾಗಿ ವಾಪಸು ಬಂದರೆ, ಮನೆಯೊಳಗೆ ತಾಮೊ. ಕೈಯಲ್ಲಿ ಅವಳ ಮನೆಯ ಕೆಟಲು. ನನ್ನ ಟೀ ಅಂಗಳದ ಕಾಮಕಸ್ತೂರಿ ಕುಂಡದ ಒಣಮಣ್ಣಿನಲ್ಲಿ ಆಗಲೇ ಇಂಗುತ್ತಿತ್ತು. ಅಮ್ಮನ ಲೋಟದಲ್ಲಿ ತಾಮೊ ಸುರಿಯುತ್ತಿದ್ದ ಟೀ ಯಾವುದೆಂದು ನೋಡಬೇಕಾಗಿರಲಿಲ್ಲ. ಸಿಹಿ ಟೀ ಬೀಳುವ ಸದ್ದೇ ಬೇರೆ, ಮಂದ.

"ಏನ್ರೀ ಇದು ತಾಮೊ?" ಅಂದೆ.

ತಾಮೊ ಕೆಟಲನ್ನು ಹಿಂದೆ ಮುಚ್ಚಿಕೊಳ್ಳಲು ಹೋಗಿ ಬೆನ್ನು ಸುಟ್ಟುಕೊಂಡಳು. "ಏನು ಅಂದ್ರೆ? ಮನೆಗ್ ಬಂದೋಳಿಗೆ ಕಹಿ ಟೀ ಕೊಡಕ್ಕೆ ನಾನೇನು ಅವಳ ಹತ್ರ ಜಗಳ ಆಡಿದೀನಾ? ದಿನಾ ಬರೋಳು. ಈಗ ಕಾಲಿಲ್ಲ, ಬರಕ್ಕಾಗಲ್ಲ. ಅದಕ್ಕೇ ನಾನೇ ತಂದೆ."

"ದಿನಾ?"

"ಅವಳನ್ ಬೈಬೇಡಿ," ಅಂದಳು ಅಮ್ಮ. "ನಾನೇ ಕೇಳಿದ್ದು. ನಿಮ್ಮ ಟೀನ ಮನುಷ್ಯರು ಕುಡೀತಾರೇನ್ರೀ? ಎರಡೇ ತಿಂಗಳಿಗೆ ಕಾಮಕಸ್ತೂರಿ ಸತ್ತೋಯ್ತು."

"ಮೊದಲೇ ಹೇಳ್ಬಾರ್ದಿತ್ತಾ ಯಾಮ್ನ? ಬಿಡಕ್ಕಾಗಲ್ಲ ಅಂತ ಹೇಳಿದ್ರೆ ಡಾಕ್ಟ್ರು ಸೂಜಿ ಜಾಸ್ತಿ ಮಾಡ್ತಿದ್ರು, ಏನಾದ್ರೂ ಮಾಡ್ತಿದ್ರು."

"ಹೇಳ್ಬೇಕು ಅಂತಾನೇ ಇದ್ದೆ. ಅಷ್ಟರಲ್ಲಿ ಮಗು ರೇಡಿಯೋದಲ್ಲಿ ಹೇಳ್ಬಿಡ್ತು. ಇಡೀ ದೇಶ ಕೇಳಿದ್ಮೇಲೆ ನಾನು ಬಾಯಿ ಬಿಟ್ರೆ ಅವಳ ಮುಖ ಎಲ್ಲಿ ಉಳಿಯತ್ತೆ?" ಅಂದವಳು ಹೊದಿಕೆಯ ಕೆಳಗೆ ಚಪ್ಪಟೆಯಾಗಿದ್ದ ಜಾಗವನ್ನು ಕೈಯಿಂದ ಸರಿಮಾಡಿದಳು. "ಒಂದು ಬೆರಳು ಹೋದ್ರೆ ಹೋಗ್ಲಿ ಅಂದ್ಕೊಂಡಿದ್ದೆ. ಇಷ್ಟು ಹೋಗತ್ತೆ ಅಂತ ಗೊತ್ತಿರ್ಲಿಲ್ಲ."

ತಾಮೊ ಕೆಟಲು ಎತ್ತಿಕೊಂಡು ಅಳುತ್ತ ಹೋದಳು. ಅವಳು ಶತ್ರುವಲ್ಲ ಶಾಮಾ. ತನ್ನ ಪಾಲಿನ ಸಕ್ಕರೆಯಲ್ಲಿ ಅರ್ಧವನ್ನು ದಿನಾ ಅಮ್ಮನಿಗೆ ಕೊಡುತ್ತಿದ್ದವಳು. ಇದನ್ನು ನಿನಗೆ ತಿಳಿಸಬಾರದೆಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಾಳೆ. ಆಣೆ ಮುರಿದು ಬರೆಯುತ್ತಿದ್ದೇನೆ, ಏಕೆಂದರೆ ಡಾಕ್ಟರು ಹೋದ ವಾರ ಎಡಗಾಲನ್ನು ಒತ್ತಿ ನೋಡಿದರು. ಹಿಮ್ಮಡಿಯಲ್ಲಿ ಒಂದು ಚುಕ್ಕೆಯಿದೆ. ಬಣ್ಣ ಕೇಳಬೇಡ.

ಆದ್ದರಿಂದ ಮನೆಯಲ್ಲಿ ಹೊಸ ಸರಕಾರ, ಹೊಸ ಕಾನೂನು. ಗೋಪುರಗಳನ್ನೆಲ್ಲ ಅನಾಥಾಲಯಕ್ಕೆ ಕಳಿಸಿದೆ. ಅಲ್ಲಿನ ಮಕ್ಕಳ ಕಾಲುಗಳನ್ನು ನೆನೆದು ಬಾಗಿಲವರೆಗೆ ಹೋದವನು ಒಮ್ಮೆ ನಿಂತೆ; ಆಮೇಲೆ ಕಳಿಸಿದೆ. ನಿನ್ನ ಹಳೆಯ ಕಾಗದ ಗೋಡೆಯ ಮೇಲೇ ಇದೆ. ಆರೋಗ್ಯ ಕೇಂದ್ರದಲ್ಲಿ ಹೊಸದು ಬಂದಿದೆ, ಅದಕ್ಕೆ ಯಾರೂ ಮೀಸೆ ಕೂಡ ಬರೆದಿಲ್ಲ. ಜನ ಓದುವುದನ್ನೇ ಬಿಟ್ಟಿದ್ದಾರೆ. "ಮುಂದಿನ್ದು ಬಂದಾಗ ಒಟ್ಟಿಗೇ ನೋಡ್ಕೊಳ್ಳೋಣ ಬಿಡಿ," ಅನ್ನುತ್ತಾನೆ ಮಿಮೂನ್.

ನಿನ್ನೆಯಿಂದ ನಾವಿಬ್ಬರೂ ಎದುರುಬದುರು ಕೂತು ಕಹಿ ಟೀ ಕುಡಿಯುತ್ತೇವೆ. ಮೊದಲ ಗುಟುಕಿಗೇ ಅವಳ ಕಣ್ಣಲ್ಲಿ ನೀರು. "ಇಷ್ಟು ದಿನ ನೀವು ಹೇಗ್ರೀ ತಡ್ಕೊಂಡ್ರಿ ಇದನ್ನ?" ಎಂದು ಕೇಳಿದಳು. "ಮನಸ್ಸಿನ ಬಲ," ಅಂದೆ. ಯಾವುದೋ ಸಂತನ ಗೋರಿಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಮೂಗು ಹಿಡಿದುಕೊಂಡು ಲೋಟ ಪೂರ್ತಿ ಖಾಲಿ ಮಾಡಿದಳು. ನನ್ನ ಮುಖ ನೋಡಿಯೇ ಮಾಡಿದಳು. ಈ ಮನೆಯಲ್ಲಿ ಒಬ್ಬನಾದರೂ ನಿನ್ನ ಮಾರ್ಗಸೂಚಿಗೆ ಮೊದಲ ದಿನದಿಂದ ನಿಷ್ಠನಾಗಿ ನಿಂತಿದ್ದಾನೆ, ಅವನನ್ನು ಹಿಡಿದುಕೊಂಡು ಅವಳು ದಾಟುತ್ತಾಳೆ, ಆ ಎಡಗಾಲು ಉಳಿಯುತ್ತದೆ ಎಂದು ನೀನು ಧೈರ್ಯವಾಗಿರಬಹುದು.

ನಿನ್ನಪ್ಪ
ಬೂಶ್ತಾ

ಮತ್ತೆ: ಮೇಲಿನ ಸಹಿ ಹಾಕಿ ಲಕೋಟೆ ಮುಚ್ಚಬೇಕಿತ್ತು, ಆಗಲಿಲ್ಲ. ನೀನು ಮತ್ತೊಮ್ಮೆ ಯಾರೆದುರಿಗಾದರೂ ನಮ್ಮ ಮನೆಯನ್ನು ಸಾಕ್ಷಿಯಾಗಿ ನಿಲ್ಲಿಸಿಬಿಟ್ಟೀಯೆಂದು ಹೆದರಿ ಇದನ್ನು ಸೇರಿಸುತ್ತಿದ್ದೇನೆ. ಈ ಪತ್ರವನ್ನು ನಾನು ಬರೆಯುತ್ತಿರುವುದು ಹಮ್ಮಾದಿಯ ಅಂಗಡಿಯಲ್ಲಿ. ಮಾರ್ಚ್‌ನಿಂದ ನಾನು ಇಲ್ಲಿಗೆ ಬರುತ್ತಿದ್ದದ್ದು ಜನಾಭಿಪ್ರಾಯಕ್ಕಲ್ಲ. ಅವನೀಗ ಕೇಳುವುದೂ ಇಲ್ಲ, ಲೋಟದ ಪಕ್ಕ ಐದು ತುಂಡು ಸಕ್ಕರೆ ಇಟ್ಟು ಹೋಗುತ್ತಾನೆ. ಇವತ್ತು ಒಂದನ್ನು ತಟ್ಟೆಯ ಅಂಚಿಗೆ ಸರಿಸಿ, ಕನಿಷ್ಠ ಇದೊಂದನ್ನು ಬಿಟ್ಟೆನೆಂದು ನಿನಗೆ ಬರೆಯೋಣವೆಂದು ಕೂತಿದ್ದೆ. ಬರೆಯುತ್ತ ಬರೆಯುತ್ತ ಅದೂ ಲೋಟದಲ್ಲಿ ಕರಗಿಹೋಗಿದೆ.